ಹೊಳೆ ದಾಟದ ಲಕ್ಕಣ್ಣ

ಬುಕ್ಕಾಂಬುಧಿಯ ತೂಬಿನ ಮನೆಯವರು ಹಿರಿಯ ಮಗನಿಗೆ ಲಕ್ಕಣ್ಣ ಎಂದಲ್ಲದೆ ಬೇರೆ ಹೆಸರಿಟ್ಟವರಲ್ಲ. ಮನೆದೇವರು ಲಕ್ಕಮ್ಮ, ಮೊದಲ ಗಂಡು ಕೂಸು ಅವಳದು ಎಂಬ ನಂಬಿಕೆ. ಹೀಗಾಗಿ ಆ ಮನೆಯ ಚರಿತ್ರೆ ಎಂದರೆ ಆರು ಮಂದಿ ಲಕ್ಕಣ್ಣಂದಿರ ಚರಿತ್ರೆ. ಅದನ್ನು ಮೊದಲಿನಿಂದ ಕೊನೆಯವರೆಗೆ ತಡವರಿಸದೆ ಹೇಳಬಲ್ಲವರು ಮನೆಯೊಳಗೆ ಯಾರೂ ಇಲ್ಲ. ಹೇಳುವವನು ಹೊರಗಿನಿಂದ ಬರುತ್ತಾನೆ. ಮೂರು ವರ್ಷಕ್ಕೊಮ್ಮೆ, ರಾಗಿ ಕಣ ಮುಗಿದ ಮೇಲೆ, ಎತ್ತಿನ ಬೆನ್ನಿಗೆ ಕಂಬಳಿ ಹಾಸಿ, ಕೈಯಲ್ಲಿ ಕಂಚಿನ ಗಂಟೆ ಹಿಡಿದು ಬರುವ ಹೆಳವ ಹೊನ್ನಯ್ಯ.

ಹೆಳವರ ಕಸುಬು ಇಷ್ಟೇ. ತಮ್ಮ ಪಾಲಿಗೆ ಬಂದ ಮನೆಗಳ ವಂಶಾವಳಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು, ಬಾಗಿಲಲ್ಲಿ ನಿಂತು ಆ ಮನೆಯವರಿಗೇ ಅದನ್ನು ಹೇಳುವುದು, ಕೊಟ್ಟ ಕಾಳು, ಬಟ್ಟೆ ತೆಗೆದುಕೊಂಡು ಮುಂದಿನ ಊರಿಗೆ ಹೋಗುವುದು. ಹೊನ್ನಯ್ಯನ ಪಾಲಿಗೆ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನಲ್ಲಿ ಮುನ್ನೂರ ನಲವತ್ತು ಮನೆಗಳಿದ್ದವು. ಒಂದು ಸುತ್ತು ಮುಗಿಯಲು ಮೂರು ವರ್ಷ ಹಿಡಿಯುತ್ತಿತ್ತು.

ತೂಬಿನ ಮನೆಯ ಜಗಲಿಯೆದುರು ಅವನು ಹೇಳುತ್ತಿದ್ದದ್ದು ಹೀಗೆ. ಮೊದಲನೆಯ ಲಕ್ಕಣ್ಣ ಹನ್ನೆರಡು ಕುರಿ, ಒಂದು ನಾಯಿಯೊಂದಿಗೆ ಬಡಗಲಿಂದ ಬಂದವನು. ನಾಯಿ ಕೆರೆ ಏರಿಯ ಮೇಲೆ ಮಲಗಿ, ಎಷ್ಟು ಕರೆದರೂ ಏಳದಿದ್ದಾಗ ಅಲ್ಲೇ ಹಟ್ಟಿ ಹಾಕಿದ. ಮೂರನೆಯ ಲಕ್ಕಣ್ಣ ಚಿರತೆಯ ಬಾಯಿಂದ ಮರಿ ಬಿಡಿಸಿಕೊಳ್ಳಲು ಹೋಗಿ ಎಡಗಿವಿ ಕಳೆದುಕೊಂಡವನು. ಆಮೇಲೆ ಹೆಂಡತಿ ಬೈದಾಗಲೆಲ್ಲ ಆ ಇಲ್ಲದ ಕಿವಿಯನ್ನೇ ಅವಳ ಕಡೆ ತಿರುಗಿಸುತ್ತಿದ್ದ. ನಾಲ್ಕನೆಯವನು ಪ್ಲೇಗಿನ ವರ್ಷ ಊರು ಖಾಲಿಯಾದಾಗ ಹಿಂದೆ ಉಳಿದು, ಎಲ್ಲರ ಮನೆ ದನಕ್ಕೂ ಒಬ್ಬನೇ ನೀರು ಕುಡಿಸಿದ. ಐದನೆಯವನು ಆ ಬಯಲಿನಲ್ಲಿ ಮೊದಲ ತೆಂಗಿನ ಸಸಿ ನೆಟ್ಟ. ಅದು ಕಾಯಿ ಬಿಡುವ ಮುಂಚೆ ತೀರಿಕೊಂಡ.

ಆದರೆ ಮನೆಗೆ ಹೆಸರು ತಂದವನು ಎರಡನೆಯ ಲಕ್ಕಣ್ಣ. ಒಂದು ಮುಂಗಾರಿನಲ್ಲಿ ಕೆರೆ ತುಂಬಿ ಏರಿ ಬಿರುಕು ಬಿಟ್ಟಾಗ, ನೀರು ಹೊರಬಿಡಬೇಕಾದ ತೂಬಿನ ಬಾಯಿಗೆ ಮರದ ದಿಮ್ಮಿ ಸಿಕ್ಕಿಕೊಂಡಿತ್ತು. ಅವನು ಮೂರು ಸಲ ಮುಳುಗಿದ. ಮೂರನೆಯ ಸಲ ದಿಮ್ಮಿ ಕಿತ್ತುಕೊಂಡು ಮೇಲೆ ಬಂದ. ಏರಿ ಉಳಿಯಿತು, ಊರು ಉಳಿಯಿತು. ಮರುವರ್ಷ ಅವನ ಹೆಂಡತಿ ಬಾಣಂತನದಲ್ಲಿ ಸತ್ತಳು. ಕೂಸನ್ನು ತಮ್ಮನ ಹೆಂಡತಿಯ ಮಡಿಲಿಗೆ ಹಾಕಿ, ಕಂಬಳಿ ಹೆಗಲಿಗೇರಿಸಿಕೊಂಡು ತೆಂಕಲಿಗೆ ಹೋದ. ಹೋದವನು ಬರಲಿಲ್ಲ.

ಆರನೆಯ ಲಕ್ಕಣ್ಣ ಜಗಲಿಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿರುತ್ತಿದ್ದ. ಅವನ ಹೆಸರು ಬಂದಾಗ ಹೊನ್ನಯ್ಯ ಕಥೆ ಹೇಳುತ್ತಿರಲಿಲ್ಲ. ಬದುಕಿರುವವರ ಕಥೆಯನ್ನು ಹೆಳವ ಹೇಳಬಾರದು. "ಮುಂದಿನದು ದೇವರ ಬಾಯಲ್ಲಿ" ಎಂದು ಗಂಟೆ ಬಾರಿಸಿ ನಿಲ್ಲಿಸುತ್ತಿದ್ದ.

ಇನ್ನೊಂದು ಕಟ್ಟುಪಾಡೂ ಇತ್ತು. ಒಂದು ಮನೆಯ ಕಥೆಯನ್ನು ಇನ್ನೊಂದು ಮನೆಯ ಬಾಗಿಲಲ್ಲಿ ಬಿಚ್ಚುವಂತಿಲ್ಲ. ಮುನ್ನೂರ ನಲವತ್ತು ಮನೆಯ ಸತ್ತವರು ಒಬ್ಬನ ತಲೆಯಲ್ಲಿದ್ದರೂ ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿರಲಿಲ್ಲ. ಹೊನ್ನಯ್ಯನಿಗೆ ಹದಿನಾರು ವರ್ಷ ಕಾಲ ನಿದ್ದೆಗೆಡಿಸಿದ ಸಂಗತಿ ಉಳಿದುಕೊಂಡದ್ದು ಈ ಕಟ್ಟುಪಾಡಿನ ಮರೆಯಲ್ಲೇ.

ಹೊನ್ನಯ್ಯ ಹುಟ್ಟಿದ್ದು 1936ರಲ್ಲಿ, ಅಜ್ಜಂಪುರದ ರೈಲ್ವೆ ಸ್ಟೇಷನ್ ಹಿಂದಿನ ಬಯಲಿನಲ್ಲಿ ಹಾಕಿದ್ದ ಬಿಡಾರದಲ್ಲಿ. ತಂದೆ ರೇವಣಪ್ಪ ಒಂದಕ್ಷರ ಓದಿದವನಲ್ಲ. ಕಾಲು ಮುರಿದುಕೊಂಡು ಅಲ್ಲೇ ಕೂರಬೇಕಾಗಿ ಬಂದ ನಾಲ್ಕು ವರ್ಷದಲ್ಲಿ ಮಗನನ್ನು ಶಾಲೆಗೆ ಕಳಿಸಿದ. ಅವರ ಬಳಗದಲ್ಲಿ ಅಕ್ಷರ ಕಲಿತ ಮೊದಲಿಗ ಹೊನ್ನಯ್ಯ. 1962ರಲ್ಲಿ, ಇನ್ನು ಹೆಚ್ಚು ದಿನ ಇಲ್ಲ ಎಂದು ತಿಳಿದಾಗ, ರೇವಣಪ್ಪ ಮಗನನ್ನು ಕೂರಿಸಿಕೊಂಡು ಎಲ್ಲ ಮನೆಗಳನ್ನೂ ಬರೆಸಿದ. ಇನ್ನೂರು ಪುಟದ ಹನ್ನೊಂದು ನೋಟ್ ಪುಸ್ತಕ ತುಂಬಿದವು.

ದೇವನೂರಿನ ಹೊಂಗೆಮರದ ಮನೆಯನ್ನು ಬರೆಯುವಾಗ ಹೊನ್ನಯ್ಯನ ಪೆನ್ಸಿಲ್ ನಿಂತಿತು. ಅಲ್ಲೂ ಹಿರಿಮಗ ಲಕ್ಕಣ್ಣನೇ. ಅದರಲ್ಲಿ ವಿಶೇಷವೇನಿಲ್ಲ, ಆ ದೇವರ ಒಕ್ಕಲು ಊರೂರಿಗೂ ಇದ್ದಾರೆ. ಆದರೆ ಅಲ್ಲಿಯ ಎರಡನೆಯ ಲಕ್ಕಣ್ಣನೂ ಬುಕ್ಕಾಂಬುಧಿಯ ಕೆರೆಯಲ್ಲಿ ಮೂರು ಸಲ ಮುಳುಗಿ ದಿಮ್ಮಿ ಕಿತ್ತಿದ್ದ. ಆಮೇಲೆ ಕಂಬಳಿ ಹೊದ್ದು ತೆಂಕಲಿಗೆ ಬಂದು, ದೇವನೂರಿನ ಮೊದಲನೆಯ ಲಕ್ಕಣ್ಣನ ಮಗಳನ್ನು ಮದುವೆಯಾಗಿ, ಮನೆ ಅಳಿಯನಾಗಿ ಉಳಿದಿದ್ದ.

"ಇದು ತೂಬಿನ ಮನೆ ಕಥೆ ಅಲ್ವೇನಪ್ಪ?" ಎಂದು ಹೊನ್ನಯ್ಯ ಕೇಳಿದ.

"ಬರ್ಕೊ. ನಿಜವಾದ್ದನ್ನ ಆಮೇಲೆ ಹೇಳ್ತೀನಿ. ಅದನ್ನ ಬರೀಬೇಡ, ನೆನಪಿಟ್ಕೊ" ಎಂದ ರೇವಣಪ್ಪ.

ನಿಜವಾದದ್ದು ಹೀಗಿತ್ತು. 1938ರಲ್ಲಿ ಹೊಂಗೆಮರದ ಮನೆಯ ಐದನೆಯ ಲಕ್ಕಣ್ಣ ಹೆಂಚಿನ ಮನೆ ಕಟ್ಟಿಸಿ ಒಕ್ಕಲಾದ ದಿನ ರೇವಣಪ್ಪ ನೆಂಟರ ಮುಂದೆ ವಂಶ ಹೇಳಿದ್ದ. ಎರಡನೆಯ ಲಕ್ಕಣ್ಣನ ಕಥೆ ಬಂದಾಗ ನೆಂಟರು ಬಿದ್ದು ಬಿದ್ದು ನಕ್ಕರು. ಆ ಲಕ್ಕಣ್ಣ ಮಾಡಿದ್ದು ಒಂದೇ ಕೆಲಸ. ತಮ್ಮ ವೇದಾವತಿಯಲ್ಲಿ ಕೊಚ್ಚಿಹೋದದ್ದನ್ನು ಕಂಡ ಮೇಲೆ ಅವನು ಸಾಯುವವರೆಗೂ ಹೊಳೆ ದಾಟಲಿಲ್ಲ. ಬೇಸಿಗೆಯಲ್ಲಿ ಬರಿ ಮರಳಿದ್ದಾಗಲೂ ದಾಟಲಿಲ್ಲ. ಮಾರನೆಯ ಬೆಳಿಗ್ಗೆ ಐದನೆಯ ಲಕ್ಕಣ್ಣ ಹೆಳವನನ್ನು ಕೊಟ್ಟಿಗೆಗೆ ಕರೆದೊಯ್ದು ಒಂದು ಕೆಂದೆತ್ತು ತೋರಿಸಿದ. "ಮುಂದಿನ ಸಲ ಬಂದಾಗ ನಮ್ಮ ವಂಶ ಕೇಳಿ ಯಾರೂ ಹಲ್ಲು ಬಿಡಬಾರ್ದು. ಹಂಗಾದ್ರೆ ಇದು ನಿಂದು" ಎಂದ.

ಮೂರು ವರ್ಷದ ಮೇಲೆ ರೇವಣಪ್ಪ ಮತ್ತೆ ದೇವನೂರಿಗೆ ಬರುವ ಹೊತ್ತಿಗೆ ಅವನ ಎತ್ತು ಸತ್ತಿತ್ತು. ಎತ್ತಿಲ್ಲದ ಹೆಳವನನ್ನು ಯಾರೂ ಹೆಳವ ಎನ್ನುವುದಿಲ್ಲ, ಭಿಕ್ಷುಕ ಎನ್ನುತ್ತಾರೆ. ತೆಂಕಲಿಗೆ ಹೋದವನು ಮತ್ತೆ ಬರಲಿಲ್ಲ ಎಂದು ಕೊನೆಯಾಗುತ್ತಿದ್ದ ತೂಬಿನ ಲಕ್ಕಣ್ಣನ ಕಥೆ ಅವನಿಗೆ ನೆನಪಾಯಿತು. ಅವನನ್ನು ನಡೆಸಿಕೊಂಡು ಬಂದು ದೇವನೂರಿಗೆ ಸೇರಿಸಿದ. ಕೆಂದೆತ್ತು ಹೊಡೆದುಕೊಂಡು ಹೋದ. ಐದು ವರ್ಷದ ಹೊನ್ನಯ್ಯ ಅದೇ ಎತ್ತಿನ ಮೇಲೆ ಕೂತು ಊರೂರು ತಿರುಗಿ ಬೆಳೆದ.

ಅಪ್ಪ ತೀರಿಕೊಂಡ ಮೇಲೆ ಹೊನ್ನಯ್ಯ ಬುಕ್ಕಾಂಬುಧಿಯಲ್ಲಿ ತೂಬಿನ ಕಥೆ ಹೇಳಿದ, ದೇವನೂರಿನಲ್ಲೂ ಅದನ್ನೇ ಹೇಳಿದ. ಎರಡೂ ಊರಿನ ನಡುವೆ ಎತ್ತಿಗೆ ಮೂರು ದಿನದ ದಾರಿ. ಇವರು ಅವರ ಮನೆಗೆ ಹೋಗುವ ಕಾರಣವೇನೂ ಇರಲಿಲ್ಲ. 1977ರಲ್ಲಿ ಒಂದು ಕಾರಣ ಹುಟ್ಟಿತು.

ದೇವನೂರಿನ ಹೊಂಗೆಮರದ ಮನೆಯ ಏಳನೆಯ ಲಕ್ಕಣ್ಣನ ತಮ್ಮ ಸಣ್ಣಬೀರಪ್ಪನ ಮಗ ಚಂದ್ರಶೇಖರ ಕಡೂರಿನಲ್ಲಿ ಪಂಪ್‌ಸೆಟ್ ಮೆಕ್ಯಾನಿಕ್ ಆಗಿದ್ದ. ತೆಂಗಿನ ತೋಟಗಳಿಗೆ ಕರೆಂಟ್ ಬಂದ ಕಾಲ ಅದು. ಬುಕ್ಕಾಂಬುಧಿಯ ಆರನೆಯ ಲಕ್ಕಣ್ಣನ ಬಾವಿಯ ಮೋಟರ್ ಸುಟ್ಟಾಗ ಬೈಕಿನಲ್ಲಿ ಬಂದ. ಬಾವಿಗೆ ಇಳಿಯಲಿಲ್ಲ. ಹಗ್ಗ ಕಟ್ಟಿಸಿ ಮೋಟರನ್ನೇ ಮೇಲೆಳೆಸಿ, ಕಟ್ಟೆಯ ಮೇಲೆ ಕೂತು ರಿಪೇರಿ ಮಾಡಿದ. ಲಕ್ಕಣ್ಣನ ಮಗಳು ಅಂಜಿನಮ್ಮ ಮಜ್ಜಿಗೆ ತಂದುಕೊಟ್ಟಳು. ಆ ಮೋಟರ್ ಆರು ತಿಂಗಳಲ್ಲಿ ನಾಲ್ಕು ಸಲ ಕೆಟ್ಟಿತು. ಒಳ್ಳೆಯ ಮೆಕ್ಯಾನಿಕ್ ರಿಪೇರಿ ಮಾಡಿದ ಮೋಟರ್ ಹಾಗೆ ಕೆಡುವುದಿಲ್ಲ ಎಂಬುದು ಮನೆಯ ಎಲ್ಲರಿಗೂ ಅರ್ಥವಾಯಿತು.

ಅಂಜಿನಮ್ಮನಿಗೆ ಇಪ್ಪತ್ತೆರಡು ದಾಟಿತ್ತು. ತಾಯಿ ಮೂರು ವರ್ಷ ಹಾಸಿಗೆ ಹಿಡಿದಿದ್ದರಿಂದ ಮದುವೆಯ ಮಾತು ಮುಂದೆ ಹೋಗುತ್ತಲೇ ಬಂದಿತ್ತು. ತಾಯಿ ತೀರಿಕೊಂಡ ಮೇಲೆ ಬಂದ ಮೊದಲ ಗಂಡು ಇವನೇ. ಎರಡೂ ಕಡೆಯವರು ಬೆಡಗು ವಿಚಾರಿಸಿದರು. ಬೆಡಗು ಎಂದರೆ ಒಬ್ಬನೇ ಮೂಲಪುರುಷನಿಂದ ಬಂದವರ ಬಳಗ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಇವರದು ಬೇರೆ, ಅವರದು ಬೇರೆ. 1978ರ ಏಪ್ರಿಲ್‌ನಲ್ಲಿ ಒಂದು ಸೋಮವಾರ ವೀಳ್ಯಶಾಸ್ತ್ರ ಎಂದು ಗೊತ್ತಾಯಿತು.

ಆ ದಿನ ದೇವನೂರಿನಿಂದ ಒಂದು ಲಾರಿ ಜನ ಬಂದರು. ಶಾಸ್ತ್ರಕ್ಕೆ ಮುಂಚೆ ಸಣ್ಣಬೀರಪ್ಪ ಕೆರೆ ಏರಿಯ ಮೇಲೆ ನಿಂತು, ನೀರಿನ ಕಡೆ ಒಂದು ಹೆಜ್ಜೆಯೂ ಇಳಿಯದೆ, ದೂರದಿಂದಲೇ ತೂಬಿನ ಕಲ್ಲಿಗೆ ಕೈ ಮುಗಿದ.

"ಯಾಕೆ ಬೀಗ್ರೆ, ಏನು ಹರಕೆ?" ಎಂದು ಲಕ್ಕಣ್ಣ ಕೇಳಿದ.

"ಹರಕೆ ಅಲ್ಲ ಕಣ್ರೀ. ನಮ್ಮ ಎರಡನೇ ಲಕ್ಕಣ್ಣ ಮುಳುಗಿದ ಜಾಗ. ಚಿಕ್ಕೋನಿದ್ದಾಗಿಂದ ಕೇಳ್ತಿದ್ದೆ, ಇವತ್ತು ನೋಡ್ದಂಗಾಯ್ತು."

"ಯಾರ ಲಕ್ಕಣ್ಣ?"

"ನಮ್ಮೋನು. ದಿಮ್ಮಿ ಕಿತ್ತು ಕೆರೆ ಉಳಿಸ್ದೋನು. ಆಮೇಲೆ ನಮ್ಮೂರಿಗೆ ಮನೆ ಅಳಿಯ ಆಗಿ ಬಂದ."

ಲಕ್ಕಣ್ಣ ಅಲ್ಲೇ ಏರಿಯ ಮೇಲೆ ಕುಕ್ಕರಿಸಿದ. "ಅವನು ನಮ್ಮ ಮುತ್ತಾತನ ಅಪ್ಪ ಕಣಪ್ಪ. ತೆಂಕಲಿಗೆ ಹೋದೋನು ಬರ್ಲೇ ಇಲ್ಲ ಅಂತ ನಮ್ಮ ಹೆಳವ ಹೇಳ್ತಾನೆ."

"ನಮ್ಮ ಹೆಳವನೂ ಅದನ್ನೇ ಹೇಳೋದು. ತೆಂಕಲಿಗೆ ಬಂದ ಅಂತ. ಯಾವ ಮನೆಯೋನು ಅಂತ ಮಾತ್ರ ಹೇಳ್ತಿರ್ಲಿಲ್ಲ."

ಇಬ್ಬರ ಹೆಳವನೂ ಒಬ್ಬನೇ ಎಂದು ಆಗ ತಿಳಿಯಿತು. ಮನೆ ಅಳಿಯನಾಗಿ ಹೋದವನು ಹೆಂಡತಿಯ ಮನೆಯ ಬೆಡಗಿಗೆ ಸೇರಿಕೊಳ್ಳುವುದುಂಟು. ಆದ್ದರಿಂದಲೇ ಹೆಸರು ಬೇರೆ ಬೇರೆಯಾಗಿದ್ದವು. "ಬೆಡಗು ಬದಲಾದೀತು, ರಕ್ತ ಬದಲಾಗ್ತದಾ?" ಎಂದು ಹಿರಿಯರೊಬ್ಬರು ಅಂದರು. ಅಲ್ಲಿಗೆ ಮಾತು ಮುಗಿದಂತಾಯಿತು. ಚಂದ್ರಶೇಖರ, ಅಂಜಿನಮ್ಮ ಒಂದೇ ರಕ್ತದವರಾದರು, ಮದುವೆ ಕೂಡದು. ತಟ್ಟೆಯಲ್ಲಿ ಜೋಡಿಸಿದ್ದ ವೀಳ್ಯದೆಲೆ ಹಾಗೇ ಉಳಿಯಿತು.

ಲಾರಿ ಹತ್ತುವ ಮುಂಚೆ ಒಬ್ಬಳೇ ಒಬ್ಬಳು ಮಾತಾಡಿದಳು. ಸಣ್ಣಬೀರಪ್ಪನ ತಾಯಿ ಯಲ್ಲಮ್ಮ, ಅರವತ್ತು ದಾಟಿದ ಹೆಂಗಸು. "ಎಲೆ ಬಿಸಾಕ್ಬೇಡಿ. ಹೆಳವನ್ನ ಕರೆಸಿ. ಅವನ ಬಾಯಿಂದ ಕೇಳಾಣ. ಮುಂದಿನ ಸೋಮವಾರದ ತನಕ ಯಾರೂ ಏನೂ ಮುರೀಬೇಡಿ" ಎಂದಳು. ಬೇರೆ ಏನೂ ಹೇಳಲಿಲ್ಲ.

ಹೆಳವನನ್ನು ಹುಡುಕಲು ಹೋದವನು ಲಕ್ಕಣ್ಣನ ಭಾವಮೈದುನ ತೀರ್ಥಪ್ಪ. ಅಜ್ಜಂಪುರದಲ್ಲಿ ಬಸ್ಸು ಹತ್ತಿ ತರೀಕೆರೆಗೆ ಹೋಗಿ, ಸಿಕ್ಕವರನ್ನೆಲ್ಲ ಕೇಳಿ, ಮೂರನೆಯ ದಿನ ಒಂದು ತೆಂಗಿನ ತೋಟದ ಮಗ್ಗುಲಲ್ಲಿ ಬಿಡಾರ ಕಂಡ. ಹೊನ್ನಯ್ಯ ಎತ್ತಿನ ಮೈ ತಿಕ್ಕುತ್ತಿದ್ದ. ಅವನ ಹೆಂಡತಿ ಹುಚ್ಚಮ್ಮ ರಾಗಿ ಕೇರುತ್ತಿದ್ದಳು.

"ಏನಪ್ಪಾ, ಒಬ್ಬ ಲಕ್ಕಣ್ಣನ್ನ ಎಷ್ಟು ಮನೆಗೆ ಮಾರಿದೀಯ?" ಎಂದು ತೀರ್ಥಪ್ಪ ನಿಂತಲ್ಲಿಂದಲೇ ಕೂಗಿದ.

ಹೊನ್ನಯ್ಯನ ಕೈ ಎತ್ತಿನ ಬೆನ್ನ ಮೇಲೇ ನಿಂತಿತು. ತೀರ್ಥಪ್ಪ ನಡೆದದ್ದನ್ನೆಲ್ಲ ಹೇಳಿದ. "ಸೋಮವಾರ ಬತ್ತೀನಿ" ಎಂದಷ್ಟೇ ಅಂದ ಹೊನ್ನಯ್ಯ.

ತೀರ್ಥಪ್ಪ ಹೋದ ಮೇಲೆ ಹೊನ್ನಯ್ಯ ಹೆಂಡತಿಗೆ ತನ್ನ ಕಷ್ಟ ಬಿಡಿಸಿ ಹೇಳಿದ. ಸುಮ್ಮನಿದ್ದರೆ ಮದುವೆ ಮುರಿಯುತ್ತದೆ. ನಿಜ ಹೇಳಿದರೆ ಅಪ್ಪ ಎತ್ತಿಗಾಗಿ ಸುಳ್ಳು ಹೇಳಿದ ಎಂದು ಮೂರು ತಾಲ್ಲೂಕಿಗೆ ಗೊತ್ತಾಗುತ್ತದೆ. ಒಂದು ಮನೆಯಲ್ಲಿ ಬದಲಾಯಿಸಿದವನು ಮುನ್ನೂರ ನಲವತ್ತು ಮನೆಯಲ್ಲೂ ಬದಲಾಯಿಸಿರಬಹುದು ಎನ್ನುತ್ತಾರೆ. ಆಮೇಲೆ ಯಾವ ಬಾಗಿಲಲ್ಲಿ ನಿಂತು ಗಂಟೆ ಬಾರಿಸುವುದು?

ಹುಚ್ಚಮ್ಮ ಮೊರ ಕೆಳಗಿಟ್ಟಳು. "ಮಾವ ಸತ್ತು ಹದಿನಾರು ವರ್ಷ ಆಯ್ತು. ಆ ಹುಡುಗಿ ಬದುಕವ್ಳೆ ಕಣೋ" ಎಂದಳು. ಮೊರ ಮತ್ತೆ ಎತ್ತಿಕೊಂಡು ಸೇರಿಸಿದಳು: "ಬಾಗಿಲು ಮುಚ್ಚಿದ್ರೆ ಮುಚ್ಲಿ. ರಾಗಿ ಕೇರೋಕೆ ನನಗೆ ಬತ್ತದೆ, ನಿನಗೂ ಕಲಿಸ್ತೀನಿ."

ಸೋಮವಾರ ಬೆಳಿಗ್ಗೆ ಹೊನ್ನಯ್ಯ ಹುಟ್ಟಿದಾಗಿನಿಂದ ಮೊದಲ ಸಲ ಎತ್ತಿಲ್ಲದೆ ಕಸುಬಿಗೆ ಹೊರಟ. ಗಂಟೆಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅದು ಸದ್ದು ಮಾಡುತ್ತಿತ್ತು. "ಯಾರ್ರೀ ಅದು ಗಂಟೆ ಹೊಡೆಯೋದು? ಸ್ಟಾಪ್ ಕೊಡೋದು ನಾನು!" ಎಂದು ಕಂಡಕ್ಟರ್ ಗದರಿದ. ಹೊನ್ನಯ್ಯ ಚೀಲವನ್ನು ತೊಡೆಯ ಮೇಲಿಟ್ಟು ಅವುಚಿಕೊಂಡ.

ತೂಬಿನ ಮನೆಯ ಅಂಗಳದಲ್ಲಿ ಎರಡೂ ಕಡೆಯವರು ಕೂತಿದ್ದರು. ಹೊನ್ನಯ್ಯ ಜಗಲಿ ಹತ್ತಲಿಲ್ಲ. ಗಂಟೆ ಬಿಚ್ಚಿ ಹೊಸ್ತಿಲ ಮೇಲೆ ಮಗುಚಿ ಇಟ್ಟ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ವಂಶ ಹೇಳಿದ ಹೆಳವ ಗಂಟೆಯನ್ನು ಹೊಸ್ತಿಲ ಮೇಲೆ ಇಡಬೇಕು, ಮನೆಯವರು ಎತ್ತಿ ಕೊಡುವವರೆಗೆ ಮುಟ್ಟಬಾರದು ಎಂಬುದು ಹಳೆಯ ನಡಾವಳಿ. ಅದನ್ನು ಕೇಳಿದವರಿದ್ದರು, ಕಂಡವರು ಇರಲಿಲ್ಲ.

"ತೂಬಿನ ಲಕ್ಕಣ್ಣ ಈ ಮನೆಯೋನು" ಎಂದ ಹೊನ್ನಯ್ಯ. "ದೇವನೂರಿಗೆ ಹೋಗ್ಲಿಲ್ಲ. ಎಲ್ಲಿಗೆ ಹೋದ ಅಂತ ಯಾರಿಗೂ ಗೊತ್ತಿಲ್ಲ. ಅವನನ್ನ ದೇವನೂರಿಗೆ ಕರ್ಕೊಂಡು ಹೋದೋನು ನಮ್ಮಪ್ಪ. ಒಂದು ಎತ್ತಿಗೋಸ್ಕರ. ನನಗೆ ಗೊತ್ತಿತ್ತು. ಗೊತ್ತಿದ್ದೂ ಹದಿನಾರು ವರ್ಷ ನಾನೂ ಅದನ್ನೇ ಹೇಳ್ದೆ."

ಮೊದಲು ಎದ್ದವನು ಸಣ್ಣಬೀರಪ್ಪ. ಮುಖ ಕೆಂಪಾಗಿತ್ತು.

"ಲೇ ಹೆಳವ, ನಮ್ಮ ತಾತ ಎತ್ತು ಕೊಟ್ಟು ಹಿರೀಕರನ್ನ ಕೊಂಡ್ಕೊಂಡ ಅಂತೀಯಾ?"

"ಕೇಳಿದ್ದು ನಿಮ್ತಾತ ಸ್ವಾಮಿ. ಕೊಟ್ಟಿದ್ದು ನಮ್ಮಪ್ಪ. ತಪ್ಪು ಕೊಟ್ಟೋನದು."

ಆಮೇಲೆ ಲಕ್ಕಣ್ಣ ಕೇಳಿದ. ಅವನ ದನಿ ಮೆತ್ತಗಿತ್ತು, ಪ್ರಶ್ನೆ ಗಟ್ಟಿಯಾಗಿತ್ತು. "ಹೊನ್ನಯ್ಯ, ಆವತ್ತು ಒಂದು ಹೇಳ್ದೆ, ಇವತ್ತು ಒಂದು ಹೇಳ್ತೀಯ. ಇವತ್ತಿಂದೇ ನಿಜ ಅಂತ ಹೆಂಗಪ್ಪ ನಂಬೋದು? ನಾಳೆ ನನ್ನ ಮಗಳ ಮಕ್ಕಳಿಗೆ ಇನ್ನೊಂದು ಹೇಳಿದ್ರೆ?"

ಹೊನ್ನಯ್ಯನ ಬಳಿ ಅದಕ್ಕೆ ಸಾಕ್ಷಿ ಇರಲಿಲ್ಲ. ನೋಟ್ ಪುಸ್ತಕದಲ್ಲಿದ್ದದ್ದು ಸುಳ್ಳು ಕಥೆ, ನಿಜವಾದದ್ದನ್ನು ಅಪ್ಪ ಬರೆಯಲು ಬಿಟ್ಟಿರಲಿಲ್ಲ. ಅವನು ಮಾಡಬಹುದಾಗಿದ್ದದ್ದು ಒಂದೇ. ಅಪ್ಪ ಸಾಯುವ ಮುಂಚೆ ಕಿವಿಯಲ್ಲಿ ಹೇಳಿದ್ದನ್ನು, ಅದೇ ಧಾಟಿಯಲ್ಲಿ, ಮೊದಲ ಸಲ ಗಟ್ಟಿಯಾಗಿ ಹೇಳಿದ.

"ದೇವನೂರ ಹೊಂಗೆಮರದ ಮನೆ, ಎರಡನೇ ಲಕ್ಕಣ್ಣ. ತಮ್ಮನ್ನ ಹೊಳೆಗೆ ಕೊಟ್ಟೋನು, ಹೊಳೆಗೆ ಬೆನ್ನು ಕೊಟ್ಟೋನು. ಹೊಳೆಯೀಚೆ ಕುರಿ ಕಾಯ್ದ, ಹೊಳೆಯೀಚೆ ಹೆಣ್ಣು ತಂದ. ಆಚೆ ದಡದಲ್ಲಿ ತಂಗಿ ಮದುವೆ ಆದ್ರೆ..."

ಅವನು ಉಸಿರು ತೆಗೆದುಕೊಳ್ಳಲು ನಿಂತ. ಹೆಂಗಸರ ನಡುವಿನಿಂದ ಒಂದು ದನಿ ಅದೇ ಧಾಟಿಯಲ್ಲಿ ಮುಂದುವರಿಸಿತು.

"...ಈಚೆ ದಡದಲ್ಲಿ ನಿಂತು ಅಕ್ಕಿ ತೂರ್ದ. ಗಾಳಿ ಬಂತು, ಅರ್ಧ ಅಕ್ಕಿ ಆಚೆಗೆ ಹೋಯ್ತು, ಅರ್ಧ ಅವನ ತಲೆ ಮೇಲೇ ಬಿತ್ತು."

ಎಲ್ಲರೂ ತಿರುಗಿ ನೋಡಿದರು. ಯಲ್ಲಮ್ಮ ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು.

"ಅವ್ವಾ, ನಿನಗೆ ಹೆಂಗೆ ಗೊತ್ತು?" ಎಂದ ಸಣ್ಣಬೀರಪ್ಪ.

"ಹೊಸ ಮನೆ ಒಕ್ಕಲಾದಾಗ ಬಾಗಿಲ ಹಿಂದೆ ನಿಂತು ಕೇಳಿದ್ದೆ. ಅಕ್ಕಿ ತಲೆ ಮೇಲೆ ಬಿತ್ತು ಅಂದಾಗ ನನಗೂ ನಗು ಬಂದ್ಬಿಡ್ತು, ಬಾಯಿಗೆ ಸೆರಗು ತುರುಕ್ಕೊಂಡಿದ್ದೆ. ಮುಂದಿನ ಸಲ ಹೆಳವ ಬಂದಾಗ ಆ ಲಕ್ಕಣ್ಣ ಇರ್ಲಿಲ್ಲ, ಕೆರೆಗೆ ಬೀಳೋ ಲಕ್ಕಣ್ಣ ಬಂದಿದ್ದ. ಕೊಟ್ಟಿಗೇಲಿ ಕೆಂದೆತ್ತೂ ಇರ್ಲಿಲ್ಲ."

"ಹೋದ ಸೋಮವಾರ ಯಾಕೆ ಹೇಳ್ಲಿಲ್ಲ ಮತ್ತೆ?"

"ಹೇಳಿದ್ರೆ ಏನಂತಿದ್ದೆ ಮಗನೆ? ಮೊಮ್ಮಗನ ಮದುವೆಗೋಸ್ಕರ ಮುದುಕಿ ಕಥೆ ಕಟ್ತಾಳೆ ಅಂತಿದ್ದೆ. ನಾನು ಹೇಳಿ ಆಮೇಲೆ ಇವನು ಹೇಳಿದ್ರೆ ಕಲಿಸಿಕೊಟ್ಟಂಗೆ ಆಗ್ತಿತ್ತು. ಅದಕ್ಕೇ ಇವನ ಬಾಯಿಂದ ಮೊದಲು ಬರ್ಲಿ ಅಂತ ಸುಮ್ಮನಿದ್ದೆ."

ಹಿರಿಯರು ತಲೆದೂಗಿದರು. ಹೊನ್ನಯ್ಯನೂ ಯಲ್ಲಮ್ಮನೂ ಈ ವಾರ ಭೇಟಿಯಾಗಿರಲಿಲ್ಲ ಎಂದು ತೀರ್ಥಪ್ಪ ಹೇಳಿದ. ಹುಡುಕಿ ಸುಸ್ತಾದವನ ಮಾತನ್ನು ಅನುಮಾನಿಸುವವರು ಇರಲಿಲ್ಲ. ಸಣ್ಣಬೀರಪ್ಪ ಮಾತ್ರ ಇನ್ನೂ ನಿಂತೇ ಇದ್ದ. ಚಿಕ್ಕಂದಿನಿಂದ ಹೆಮ್ಮೆಪಟ್ಟ ಹಿರಿಯನನ್ನು ಒಂದು ಬೆಳಿಗ್ಗೆಯಲ್ಲಿ ಬಿಟ್ಟುಕೊಡುವುದು ಅವನಿಗೆ ಸುಲಭವಿರಲಿಲ್ಲ. "ನೀರು ಕಂಡ್ರೆ ಹೆದರೋ ವಂಶ ನಮ್ದು ಅಂತಾಯ್ತು" ಎಂದ.

ಆಗ ಒಳಗಿನ ಬಾಗಿಲ ಮರೆಯಿಂದ ಅಂಜಿನಮ್ಮನ ದನಿ ಬಂತು. ಮದುವೆಯ ಹೆಣ್ಣು ಅಂಥ ಹೊತ್ತಿನಲ್ಲಿ ಮಾತಾಡುವುದು ಪದ್ಧತಿಯಲ್ಲ.

"ಅವ್ರು ಬಾವಿಗೂ ಇಳಿಯಲ್ಲ. ನಾಲ್ಕು ಸಲ ಬಂದ್ರೂ ನಾಲ್ಕು ಸಲಾನೂ ಮೋಟರ್ನೇ ಮೇಲಕ್ಕೆ ಎಳೆಸಿದ್ರು."

ಚಂದ್ರಶೇಖರ ತಲೆ ತಗ್ಗಿಸಿದ. ಯಾರೋ ಕಿಸಕ್ಕೆಂದರು. "ನೀವೂ ಮೊನ್ನೆ ಏರಿ ಮೇಲಿಂದಾನೇ ಕೈ ಮುಗಿದ್ರಲ್ಲ ಬೀಗ್ರೆ" ಎಂದು ತೀರ್ಥಪ್ಪ ಸೇರಿಸಿದ. "ತೂಬಿನ ಲಕ್ಕಣ್ಣನ ರಕ್ತ ಆಗಿದ್ರೆ ಮೊಣಕಾಲಾದ್ರೂ ಒದ್ದೆ ಆಗ್ತಿತ್ತು!" ನಗು ಅಂಗಳದ ತುಂಬ ಹರಡಿತು. ಕೊನೆಗೆ ಸಣ್ಣಬೀರಪ್ಪನೂ ನಕ್ಕ. ನಲವತ್ತು ವರ್ಷದ ಹಿಂದೆ ಅವನ ತಾತನನ್ನು ಕೊಟ್ಟಿಗೆಗೆ ಕಳಿಸಿದ್ದೂ ಇಂಥದೇ ನಗುವೇ. ಈ ಸಲ ಅದು ಮದುವೆಯನ್ನು ಉಳಿಸಿತು.

"ಸರಿ, ನಮ್ಮ ಹೊಳೆ ಲಕ್ಕಣ್ಣನೇ ನಮಗಿರ್ಲಿ" ಎಂದ ಸಣ್ಣಬೀರಪ್ಪ. "ಹುಡುಗೀನ ಕೊಡಿ."

ಆದರೆ ಹೊಸ್ತಿಲ ಮೇಲೆ ಗಂಟೆ ಇನ್ನೂ ಮಗುಚಿಕೊಂಡೇ ಇತ್ತು. ಹೊನ್ನಯ್ಯ ಅದನ್ನು ನೋಡದೆ ಕೈ ಕಟ್ಟಿ ನಿಂತಿದ್ದ. ಎತ್ತಿ ಕೊಡಬೇಕಾದವನು ಮನೆಯ ಯಜಮಾನ. ಲಕ್ಕಣ್ಣ ಎದ್ದು ಹೋಗಿ ಗಂಟೆಯ ಎದುರು ಕೂತ, ಎತ್ತಲಿಲ್ಲ.

"ಒಂದು ಕೇಳ್ತೀನಿ. ಇನ್ನೆಷ್ಟು ಮನೇಲಿ ನಿಮ್ಮಪ್ಪ ಹಿಂಗೆ ಮಾಡವ್ನೆ?"

"ನನಗೆ ಹೇಳಿದ್ದು ಇದೊಂದೇ. ಹೇಳ್ದೆ ಇರೋದು ಇದ್ರೆ ನನಗೆ ಗೊತ್ತಿಲ್ಲ."

ಇಲ್ಲವೇ ಇಲ್ಲ ಎಂದು ಹೊನ್ನಯ್ಯ ಆಣೆ ಮಾಡಿದ್ದರೆ ಬಹುಶಃ ಲಕ್ಕಣ್ಣ ನಂಬುತ್ತಿರಲಿಲ್ಲ. ಗೊತ್ತಿಲ್ಲ ಎಂದದ್ದಕ್ಕೆ ಅವನು ಗಂಟೆಯನ್ನು ಎತ್ತಿ, ಪಂಚೆಯ ತುದಿಯಿಂದ ಧೂಳು ಒರೆಸಿ, ಹೊನ್ನಯ್ಯನ ಕೈಗಿಟ್ಟ. "ತಗೊ. ಎರಡೂ ಮನೇದು ಹೇಳು. ಹೇಳಿದ ಮೇಲೇ ಎಲೆ ಬದಲಾಯಿಸಾಣ."

ಒಂದೇ ಅಂಗಳದಲ್ಲಿ ಎರಡು ಮನೆಯ ವಂಶ ಹೇಳಿದ ಹೆಳವ ಅವರ ಬಳಗದಲ್ಲಿ ಅವನೊಬ್ಬನೇ ಇರಬೇಕು. ತೂಬಿನ ಮನೆಯ ಆರು ಲಕ್ಕಣ್ಣಂದಿರು, ಹೊಂಗೆಮರದ ಮನೆಯ ಏಳು. ಅವರು ಮೊದಲ ಸಲ ಒಬ್ಬರನ್ನೊಬ್ಬರು ನೋಡಿಕೊಂಡು ಬೇರೆ ಬೇರೆಯಾಗಿಯೇ ಉಳಿದರು. ಹೊಳೆ ಲಕ್ಕಣ್ಣನ ತಲೆಗೆ ಅಕ್ಕಿ ಬೀಳುವಾಗ ಜನ ಮತ್ತೊಮ್ಮೆ ಹೇಳಿಸಿಕೊಂಡರು. ಆ ಮಧ್ಯಾಹ್ನ ಹೊನ್ನಯ್ಯ ಮೂರು ಮುದ್ದೆ ಉಂಡ. ಅದನ್ನು ಅವನು ಆಮೇಲೆಯೂ ಲೆಕ್ಕವಿಟ್ಟು ಹೇಳುತ್ತಿದ್ದ. ಹದಿನಾರು ವರ್ಷದಲ್ಲಿ ಆ ಮನೆಯಲ್ಲಿ ಎರಡನೆಯ ಮುದ್ದೆಗೆ ಎಂದೂ ಕೈ ಹಾಕಿರಲಿಲ್ಲವಂತೆ.

ಸುದ್ದಿ ಹರಡಿತು. ಹೊನ್ನಯ್ಯ ಹೆದರಿದ್ದಷ್ಟು ಬಾಗಿಲುಗಳು ಮುಚ್ಚಲಿಲ್ಲ. ಕಡೂರಿನ ಹತ್ತಿರದ ಎರಡು ಮನೆಯವರು ಅವನನ್ನು ಮತ್ತೆ ಕರೆಯಲಿಲ್ಲ. ಉಳಿದವರು "ನಮ್ದು ಸರಿಯಾಗೈತಾ?" ಎಂದು ಒಂದು ಸಲ ಕೇಳಿ ಸುಮ್ಮನಾದರು. ತರೀಕೆರೆಯ ಕಡೆ ಒಬ್ಬ ರೈತ ಮಾತ್ರ ಬೇಜಾರು ಮಾಡಿಕೊಂಡ. ಅವನ ವಂಶದಲ್ಲಿ ಯಾರೂ ಏನೂ ಮಾಡಿದವರಲ್ಲ. "ನಮಗೂ ಒಬ್ಬನ್ನ ಸೇರಿಸಬಾರ್ದಿತ್ತಾ ನಿಮ್ಮಪ್ಪ? ನಮ್ಮ ತಾತ ಒಂದು ಹಸೂನಾದ್ರೂ ಕೊಡ್ತಿದ್ದ" ಎಂದನಂತೆ. ಹನ್ನೊಂದು ನೋಟ್ ಪುಸ್ತಕಗಳಲ್ಲಿ ಒಂದರ ಎರಡು ಪುಟಕ್ಕೆ ಹೊನ್ನಯ್ಯ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನಿಜವಾದದ್ದನ್ನು ಬರೆದ. ಸುಳ್ಳನ್ನು ಅಳಿಸಲಿಲ್ಲ.

1986ರ ಫೆಬ್ರವರಿಯಲ್ಲಿ ಅವನ ಸುತ್ತು ಮತ್ತೆ ದೇವನೂರಿಗೆ ಬಂತು. ಎತ್ತು ಹೊಸದು, ಗಂಟೆ ಹಳೆಯದು. ಚಂದ್ರಶೇಖರ, ಅಂಜಿನಮ್ಮ ಅಷ್ಟು ಹೊತ್ತಿಗೆ ಕಡೂರಿನಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟಿದ್ದರು. ಹೆಳವ ಬರುತ್ತಾನೆಂದು ಊರಿಗೆ ಬಂದಿದ್ದರು. ಅವರ ಆರು ವರ್ಷದ ಮಗಳು ಜಗಲಿಯ ತುದಿಯಲ್ಲಿ ಕೂತು, "ಅಕ್ಕಿ ತಾತಂದು ಮೊದ್ಲು ಹೇಳಿ" ಎಂದು ಹಟ ಹಿಡಿದಳು. ಹೊನ್ನಯ್ಯ ಕ್ರಮ ತಪ್ಪಿಸಲಿಲ್ಲ. ಮೊದಲನೆಯವನನ್ನು ಮುಗಿಸಿಯೇ ಎರಡನೆಯವನಿಗೆ ಬಂದ. ಅಕ್ಕಿ ಬೀಳುವ ಜಾಗ ಬಂದಾಗ ಹುಡುಗಿ ತನ್ನ ತಲೆಯನ್ನೇ ಒರೆಸಿಕೊಂಡು ನಕ್ಕಳು. ಸಣ್ಣಬೀರಪ್ಪ ಅವಳಿಗಿಂತ ಜೋರಾಗಿ ನಕ್ಕ.

ಯಲ್ಲಮ್ಮ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಅವಳ ಗಂಡನಾಗಿದ್ದ ಹೊಂಗೆಮರದ ಮನೆಯ ಆರನೆಯ ಲಕ್ಕಣ್ಣನ ಕಥೆ ಮುಗಿದಾಗ ಹೊನ್ನಯ್ಯ ಗಂಟೆ ಬಾರಿಸಲಿಲ್ಲ. ಹೆಳವರ ಬಾಯಲ್ಲಿ ಸೊಸೆಯರಿಗೆ ಹೆಸರಿರುತ್ತದೆ, ಕಥೆ ಇರುವುದಿಲ್ಲ.

"ಅವನ ಹೆಂಡ್ತಿ ಯಲ್ಲಮ್ಮ" ಎಂದ ಹೊನ್ನಯ್ಯ, ಅದೇ ಧಾಟಿಯಲ್ಲಿ. "ಬಾಗಿಲ ಹಿಂದೆ ನಿಂತು ಕೇಳ್ದೋಳು. ಕೇಳಿದ್ದನ್ನ ಮರೀದೋಳು. ಹೊಳೆ ದಾಟಿ ಹೋಗಿ ಮೊಮ್ಮಗನಿಗೆ ಹೆಣ್ಣು ತಂದೋಳು."

ಆಮೇಲೆ ಮಗು ಅಂಜಿನಮ್ಮನ ಸೆರಗು ಜಗ್ಗಿತು. "ನಮ್ಮಮ್ಮಂದು?"

"ನಿಮ್ಮಮ್ಮ ಬದುಕವ್ಳೆ ಕಣವ್ವ" ಎಂದು ಹೊನ್ನಯ್ಯ ಗಂಟೆ ಎತ್ತಿಕೊಂಡ. "ಮುಂದಿನದು ದೇವರ ಬಾಯಲ್ಲಿ."